ಗಿಟಾರ್ ನುಡಿಸಿದವನು ಯಾರು

ಒಳಗೆ ಬಾ ಹುಡುಗ, ಆ ಮೆಟ್ಟಿಲು ಅಲ್ಲಾಡುತ್ತೆ, ನೋಡಿಕೊಂಡು.
ಎಷ್ಟು ಕೊಟ್ಟೆ ಈ ತಟ್ಟೆಗೆ? ನಲವತ್ತು ಡಾಲರ್?
ದೇವರೇ. ಅವತ್ತು ನಮ್ಮಿಬ್ಬರಿಗೂ ಸೇರಿ ಕೊಟ್ಟದ್ದು ಇಪ್ಪತ್ತು,
ಅದರಲ್ಲೂ ರೈಲಿನ ಟಿಕೀಟು ಮುರಿದುಕೊಂಡರು.

ಹೌದು, ಅವಳದೇ ದನಿ. ಓರ್ಲೀತಾ ಪೆಟ್ವೇ. ನನ್ನಕ್ಕ.
ಅಲಬಾಮಾ ನದಿ ಮಗ್ಗಲು ಬದಲಿಸುವ ಕಡೆ
ಬಿಳಿಯರ ಹದಿನಾಲ್ಕು ಮನೆಯ ಬಟ್ಟೆ ಒಗೆಯುತ್ತಿದ್ದೆವು.
ಸೋಮವಾರ ಕುದಿತ, ಮಂಗಳವಾರ ಇಸ್ತ್ರಿ,
ಕೊನೆಯ ನೀರಿಗೆ ಸೀಸೆಯಿಂದ ನಾಲ್ಕು ಹನಿ ನೀಲಿ.
ನೀಲಿ ಬಿದ್ದರೇನೇ ಬಿಳಿ ಬೆಳ್ಳಗೆ ಕಾಣುವುದು.
ಇದು ನಿನ್ನ ಪುಸ್ತಕದಲ್ಲಿದೆಯಾ? ಬರೆದುಕೋ.
ನಮ್ಮ ಉಗುರಿನ ಸಂದಿಯಲ್ಲಿ ಮಾತ್ರ
ಅದು ನೀಲಿಯಾಗಿಯೇ ಉಳಿಯುತ್ತಿತ್ತು,
ಭಾನುವಾರ ಚರ್ಚಿನಲ್ಲಿ ಕೈ ಮುಗಿದಾಗಲೂ.

ಗಿಟಾರ್ ಬಂದದ್ದು ಬಾಕಿಯ ಲೆಕ್ಕದಲ್ಲಿ.
ಒಡ್ಡು ಕಟ್ಟುವವರ ಶಿಬಿರದ ಅಡಿಗೆಯವನು
ಮೂರು ತಿಂಗಳ ಒಗೆತಕ್ಕೆ ಕಾಸಿಲ್ಲದೆ
ಅದನ್ನು ಹಗ್ಗದ ಮೇಲೆ ನೇತುಹಾಕಿ, ರಾತ್ರೋರಾತ್ರಿ ಹೋದ.
ಹೆಣ್ಣಿನ ಮಡಿಲು ಒಂದೇ, ಅಂದಳು ಅಮ್ಮ,
ಮರ ಕೂತರೆ ಮಗು ಎಲ್ಲಿ ಕೂರುತ್ತೆ?
ನಾನು ನೀಲಿ ಸೀಸೆಯ ಕುತ್ತಿಗೆ ಮುರಿದೆ,
ಅಂಚನ್ನು ಬಾವಿಕಟ್ಟೆಗೆ ಉಜ್ಜಿ ಉಜ್ಜಿ
ಕಿರುಬೆರಳಿಗೆ ತೊಟ್ಟುಕೊಂಡೆ.
ಉಂಗುರ ಅಂತ ನಾನು ತೊಟ್ಟದ್ದು ಅದೊಂದೇ.

ಆಮೇಲೆ ವಿಸ್ಕಾನ್ಸಿನ್. ಜನವರಿ.
ಕುರ್ಚಿ ಮಾಡುವ ಕಾರ್ಖಾನೆಯ ಹಿಂದಿನ ಕೋಣೆ,
ಗೋಡೆಗೆಲ್ಲ ಕಂಬಳಿ, ಮಧ್ಯೆ ಬಿಸಿ ಮೇಣ.
ರೈಲು ದಾಟುವವರೆಗೆ ಉಸಿರು ಹಿಡಿದು ಕೂರಬೇಕು.
ಕನ್ನಡಕದವನು ಬಾಗಿಲಾಚೆ ಇಣುಕಿ ಕೇಳಿದ:
'ನಿಮ್ಮ ಗಿಟಾರಿನವನು ಎಲ್ಲಿ? ಕುಡಿದು ಬಿದ್ದಿದ್ದಾನಾ?'
ಓರ್ಲೀತಾ ನಕ್ಕಳು. ಅವಳ ನಗು
ಬಕೆಟ್ಟು ಬಾವಿಗೆ ಬಿದ್ದ ಹಾಗೆ, ತಡವಾಗಿ ಕೇಳಿಸುವುದು.

ಹಾಡುವಾಗ ಅವಳು ಕಾಲಲ್ಲಿ ನೆಲ ಗುದ್ದುತ್ತಿದ್ದಳು,
ಒಗೆಯುವ ಕೋಲಿನ ಲಯ ಅದು, ಬೇರೆಲ್ಲಿ ಕಲಿಯೋದು?
ಸೂಜಿ ನಡುಗುತ್ತೆ ಅಂತ ಅವನು
ಅವಳ ಹಿಮ್ಮಡಿಯ ಕೆಳಗೆ ಒಂದು ತಲೆದಿಂಬು ತುರುಕಿದ.
ಕೇಳು, ಈಗ ಕೇಳು.
ನಿನಗೆ ಕೇಳದೆ ಇರುವುದು ಅದೇ.

ಲೇಬಲ್ ಓದು. 'ಗಾಯನ: ಓರ್ಲೀತಾ ಪೆಟ್ವೇ. ಜೊತೆಗೆ ಗಿಟಾರ್.'
ಗಿಟಾರು ತಾನೇ ನಡೆದುಕೊಂಡು ಬಂದು ನುಡಿಸಿಕೊಂಡಿತು.
ಅದಕ್ಕೆ ನೀವೆಲ್ಲ ಕೂತು ಗಂಡಸರನ್ನು ಹುಡುಕಿದಿರಿ:
ಒಬ್ಬ ಕುರುಡನಂತೆ, ಒಬ್ಬ ಜೈಲಿನಲ್ಲಿ ಸತ್ತವನಂತೆ,
ಮೂರನೆಯವನು ಸೈತಾನನ ಶಿಷ್ಯನಂತೆ.
ನುಡಿಸಿದವನು ಯಾರು ಅಂದೆಯಲ್ಲ ಬಾಗಿಲಲ್ಲೇ,
ಆ 'ವನು' ಯಾವ ಊರಿಂದ ಬಂದನಪ್ಪ?

ಎರಡನೇ ಸಾಲಿನ ಕೊನೆಗೆ ತಂತಿ ಜಾರುತ್ತೆ ನೋಡು,
ಹಾ, ಅದೇ. ಅಪೂರ್ವ ಶೈಲಿ ಅಂತ ಬರೆದಿದ್ದೀಯ.
ಮಗಾ, ಚಳಿಗೆ ಬೆರಳು ಮರಗಟ್ಟಿತ್ತು.

ಅವಳು ಮೂವತ್ತಾರರಲ್ಲಿ ಹೋದಳು.
ಹೇಗೆ ಅಂತ ಕೇಳಬೇಡ, ಅದು ಪುಸ್ತಕಕ್ಕಲ್ಲ.
ನನ್ನ ಹೆಸರು ಬರೆದುಕೋ: ಟೆಂಪೀ ಲೂ. ಕಾಗುಣಿತ ತಪ್ಪಬೇಡ.
ಸೀಸೆಯ ಕುತ್ತಿಗೆ ಗುಂಡಿ ಡಬ್ಬಿಯಲ್ಲಿದೆ,
ಗಂಟು ಊದಿ ಈಗ ಮೊದಲ ಗೆಣ್ಣು ದಾಟುವುದಿಲ್ಲ.
ಇಲ್ಲ, ಕೊಡುವುದಿಲ್ಲ. ನೋಡು, ಇಡು.

ಇನ್ನೊಮ್ಮೆ ಹಾಕು ಆ ತಟ್ಟೆ.
ಕುರ್ಚಿ ಹತ್ತಿರ ಎಳಿ. ಚಪ್ಪಲಿ ಬಿಚ್ಚುತ್ತೇನೆ ತಡೆ.
ಈ ಹಲಗೆ ನೆಲ ಚೆನ್ನಾಗಿದೆ, ಟೊಳ್ಳಾಗಿದೆ.
ಹಾಡಲಿ ಅವಳು. ಕಾಲು ನಾನು ಹಾಕುತ್ತೇನೆ.
ಹೂಂ. ಹೂಂ. ಇಲ್ಲಿ. ಮತ್ತೆ ಇಲ್ಲಿ.

ಏನು, ಸೂಜಿ ಹಾರಿತಾ?
ಹಾರಲಿ.
ಮೊದಲಿಂದ ಇಡು.